ಒಂದು ಜ್ವರ, ಅದರ ಮದ್ದುಗಳು



ಇವತ್ತಿನ ವೈದ್ಯದಲ್ಲಿ ಆಂಟಿಬಯೋಟಿಕ್‌ಗಳ ಸ್ಥಾನ ಎಂಥದು ಎಂಬುದರ ಬಗ್ಗೆ ನಾನು ಮಾತಾಡಬೇಕಾಗಿದೆ. ಈ ಮಾತು ಬಂದ ಕೂಡಲೇ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಕತೆ ಬರುತ್ತದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆದು ಸುತ್ತಲಿನ ರೋಗಾಣುಗಳು ಸತ್ತ ಕತೆ ಅದು. ಮಕ್ಕಳೂ ಅದನ್ನು ಶಾಲೆಯಲ್ಲಿ ಓದಿರುತ್ತಾರೆ. ನಾನು ಬೇರೆ ದಾರಿ ಹಿಡಿಯುತ್ತೇನೆ. ನಮ್ಮ ಮನೆಗಳಿಗೆಲ್ಲ ಪರಿಚಯವಿರುವ ಒಂದೇ ಒಂದು ಜ್ವರವನ್ನು ತೆಗೆದುಕೊಂಡು, ಅದಕ್ಕೆ ಯಾವ ಯಾವ ಮದ್ದು ಬಂತು, ಬಂದ ಮದ್ದು ಏನಾಯಿತು ಎಂದು ಹೇಳುತ್ತೇನೆ. ಆ ಜ್ವರ ಟೈಫಾಯ್ಡ್. ಹಿಂದಿನವರು ವಿಷಮಶೀತ ಜ್ವರ ಎನ್ನುತ್ತಿದ್ದದ್ದು ಇದನ್ನೇ.

ಮದ್ದಿಲ್ಲದ ಕಾಲದಲ್ಲಿ ಟೈಫಾಯ್ಡ್ ಹೇಗಿತ್ತು ಎಂಬುದನ್ನು ಇಂದಿನ ವೈದ್ಯರು ಹಳೆಯ ಪುಸ್ತಕಗಳಲ್ಲೇ ಓದಿ ತಿಳಿಯಬೇಕು. ಮೊದಲ ವಾರ ಜ್ವರ ದಿನದಿಂದ ದಿನಕ್ಕೆ ಅಷ್ಟಷ್ಟೇ ಏರುತ್ತದೆ. ತಲೆನೋವು, ನಾಲಗೆಯ ಮೇಲೆ ಬಿಳಿ ಪದರ, ಹೊಟ್ಟೆಯುಬ್ಬರ. ಎರಡನೆಯ ವಾರ ಏರಿದ ಜ್ವರ ಇಳಿಯುವುದೇ ಇಲ್ಲ. ರೋಗಿ ಮಂಕಾಗುತ್ತಾನೆ, ಬಡಬಡಿಸುತ್ತಾನೆ, ಹೊದಿಕೆಯ ಅಂಚನ್ನು ಬೆರಳಲ್ಲಿ ಕೀಳುತ್ತ ಮಲಗಿರುತ್ತಾನೆ. ಗಂಡಾಂತರ ಇರುವುದು ಮೂರನೆಯ ವಾರದಲ್ಲಿ. ಸಣ್ಣಕರುಳಿನ ಕೊನೆಯ ಭಾಗದಲ್ಲಿ ಆದ ಹುಣ್ಣುಗಳಿಂದ ರಕ್ತ ಸೋರಬಹುದು, ಕರುಳೇ ತೂತಾಗಬಹುದು. ಹಾಗಾದವರಲ್ಲಿ ಉಳಿಯುತ್ತಿದ್ದವರು ಕಡಿಮೆ. ಒಟ್ಟಿನಲ್ಲಿ 100 ಜನಕ್ಕೆ ಈ ಜ್ವರ ಬಂದರೆ 10ರಿಂದ 20 ಜನ ಸಾಯುತ್ತಿದ್ದರು. ವೈದ್ಯರ ಕೈಯಲ್ಲಿದ್ದದ್ದು ಗಂಜಿ, ಹಣೆಯ ಮೇಲೆ ಒದ್ದೆಬಟ್ಟೆ, ಆಗಾಗ ಮೈ ಒರೆಸುವುದು, ಇಷ್ಟೇ. ಮನೆಯವರು ಹರಕೆ ಹೊತ್ತು, ಇಪ್ಪತ್ತೊಂದು ದಿನ ದಾಟಲಿ ಎಂದು ಕಾಯುತ್ತಿದ್ದರು. ದಾಟಿದವರೂ ತಲೆಗೂದಲು ಉದುರಿ, ಮೂಳೆ ಚಕ್ಕಳವಾಗಿ, ಗೋಡೆ ಹಿಡಿದುಕೊಂಡು ಮತ್ತೆ ನಡೆಯಲು ಕಲಿಯಬೇಕಿತ್ತು.

ರೋಗಾಣು ಯಾವುದೆಂದು ತಿಳಿಯದೆ ಹೀಗಾಗುತ್ತಿತ್ತು ಎಂದಲ್ಲ. 1880ರಲ್ಲೇ ಕಾರ್ಲ್ ಎಬರ್ತ್ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. 1884ರಲ್ಲಿ ಗಾಫ್ಕಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದರು. ಅಲ್ಲಿಂದ ಮುಂದೆ ಅರವತ್ತು ವರ್ಷಗಳಿಗೂ ಮೇಲೆ ವೈದ್ಯರಿಗೆ ಕೊಲ್ಲುವವನ ಗುರುತು ಗೊತ್ತಿತ್ತು, ಬಂದ ಜ್ವರವನ್ನು ಗುಣಪಡಿಸುವ ಮದ್ದು ಗೊತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಪೆನಿಸಿಲಿನ್ ಬಂತು. ನ್ಯುಮೋನಿಯಾ, ಕೀವಾದ ಗಾಯ, ಬಾಣಂತಿಯರ ನಂಜು, ಎಲ್ಲದರಿಂದಲೂ ಜನ ಎದ್ದು ಕೂತರು. ಟೈಫಾಯ್ಡ್‌ಗೆ ಮಾತ್ರ ಅದು ನಾಟಲಿಲ್ಲ. ಕ್ಷಯಕ್ಕೆ ಮೊದಲ ಮದ್ದಾಗಿ ಬಂದ ಸ್ಟ್ರೆಪ್ಟೊಮೈಸಿನ್ ಕೂಡ ನಾಟಲಿಲ್ಲ. ಟೈಫಾಯ್ಡ್ ರೋಗಾಣು ನಮ್ಮದೇ ಮೈಯ ಜೀವಕೋಶಗಳ ಒಳಹೊಕ್ಕು ಕೂರುತ್ತದೆ. ಅಲ್ಲಿಯವರೆಗೆ ಹೋಗಿ ಅದನ್ನು ಮುಟ್ಟುವಂಥ ಮದ್ದು ಬೇಕಿತ್ತು.

ಅದು ಸಿಕ್ಕಿದ್ದು ದಕ್ಷಿಣ ಅಮೆರಿಕದ ಮಣ್ಣಿನಲ್ಲಿ. ವೆನಿಜುವೆಲಾ ದೇಶದ ಕರಾಕಸ್ ನಗರದ ಹತ್ತಿರದ ಹೊಲವೊಂದರ ಮಣ್ಣಿನಿಂದ ಯೇಲ್ ವಿಶ್ವವಿದ್ಯಾಲಯದ ಪಾಲ್ ಬರ್ಕ್‌ಹೋಲ್ಡರ್ ಒಂದು ಸೂಕ್ಷ್ಮಜೀವಿಯನ್ನು ಬೇರ್ಪಡಿಸಿದರು. ಅದು ಸ್ರವಿಸುತ್ತಿದ್ದ ವಸ್ತು 1947ರಲ್ಲಿ ಲೋಕಕ್ಕೆ ಗೊತ್ತಾಯಿತು: ಕ್ಲೋರಾಂಫೆನಿಕಾಲ್. ಎರಡೇ ವರ್ಷಗಳಲ್ಲಿ ಮಿಲ್ಡ್ರೆಡ್ ರೆಬ್‌ಸ್ಟಾಕ್ ಎಂಬ ರಸಾಯನವಿಜ್ಞಾನಿ ಮತ್ತು ಅವರ ಜೊತೆಗಾರರು ಮಣ್ಣಿನ ಜೀವಿಯ ಹಂಗಿಲ್ಲದೆ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ವಿಧಾನ ಕಂಡುಹಿಡಿದರು. ಮದ್ದು ಅಗ್ಗವಾಗಲು ಇದೇ ಕಾರಣ.

ಟೈಫಾಯ್ಡ್‌ಗೆ ಅದು ಕೆಲಸ ಮಾಡುತ್ತದೆ ಎಂದು ತಿಳಿದದ್ದು 1948ರಲ್ಲಿ, ಮಲಯಾದ ಕ್ವಾಲಾಲಂಪುರದಲ್ಲಿ. ಥಿಯೊಡೋರ್ ವುಡ್‌ವರ್ಡ್ ಮತ್ತು ಜೋಸೆಫ್ ಸ್ಮಾಡೆಲ್ ಎಂಬ ಅಮೆರಿಕದ ವೈದ್ಯರ ತಂಡ ಅಲ್ಲಿಗೆ ಹೋದದ್ದು ಸ್ಕ್ರಬ್ ಟೈಫಸ್ ಎಂಬ ಬೇರೊಂದು ಜ್ವರಕ್ಕೆ ಈ ಮದ್ದನ್ನು ಪರೀಕ್ಷಿಸಲು. ಅದೇ ಜ್ವರವೆಂದುಕೊಂಡು ಮದ್ದು ಕೊಟ್ಟ ರೋಗಿಗಳ ಪೈಕಿ ಟೈಫಾಯ್ಡ್ ಆದವರೂ ಇದ್ದರು. ಅವರೂ ಚೇತರಿಸಿಕೊಂಡರು! ತಂಡದವರು ಕೂಡಲೇ ಟೈಫಾಯ್ಡ್ ರೋಗಿಗಳನ್ನೇ ಹುಡುಕಿ ಮದ್ದು ಕೊಟ್ಟು ನೋಡಿದರು. ವಾರಗಟ್ಟಲೆ ಬಿಡದ ಜ್ವರ ಮೂರು ನಾಲ್ಕು ದಿನಗಳಲ್ಲಿ ಇಳಿಯಿತು. ಆ ವರ್ಷವೇ ಅಚ್ಚಾದ ಅವರ ವರದಿಯ ಐವರು ಲೇಖಕರಲ್ಲಿ ಕೊನೆಯ ಹೆಸರು ಡಿ. ಎಸ್. ಮಂಕೀಕರ್. ನಮ್ಮ ಕರಾವಳಿಯಲ್ಲಿ ಕೇಳಿ ಪರಿಚಯವಿರುವ ಮನೆತನದ ಹೆಸರು. ಜಗತ್ತಿನ ಚರಿತ್ರೆಯನ್ನು ತಿರುಗಿಸಿದ ಪುಟವೊಂದರಲ್ಲಿ ಆ ಹೆಸರನ್ನು ಓದಿದಾಗ ನನಗೆ ಹೆಮ್ಮೆಯಾಗುತ್ತದೆ.

ಈ ಮದ್ದಿನಲ್ಲಿ ದೋಷವಿರಲಿಲ್ಲವೆಂದಲ್ಲ. ಹತ್ತಾರು ಸಾವಿರ ಜನರಲ್ಲಿ ಒಬ್ಬರಿಗೆ ಅದು ಮೂಳೆಯ ಮಜ್ಜೆಯನ್ನೇ ಬತ್ತಿಸಿ, ರಕ್ತ ಹುಟ್ಟದಂತೆ ಮಾಡುತ್ತಿತ್ತು. ಆದರೆ ನೂರರಲ್ಲಿ ಹತ್ತಿಪ್ಪತ್ತು ಜನರನ್ನು ಒಯ್ಯುತ್ತಿದ್ದ ಜ್ವರದ ಮುಂದೆ ಆ ಅಪಾಯವನ್ನು ತೂಗಿ ನೋಡಬೇಕು. ಟೈಫಾಯ್ಡ್ ಎಂದರೆ ಮನೆಯಲ್ಲಿ ಅಳು ಶುರುವಾಗುತ್ತಿದ್ದ ಕಾಲ ಮುಗಿದು, ಹದಿನೈದು ದಿನ ಕ್ಯಾಪ್ಸೂಲ್ ನುಂಗಿ ಶಾಲೆಗೆ ಹೋಗುವ ಕಾಲ ಬಂತು.

ಒಂದು ಜ್ವರದ ಮಾತು ಇಷ್ಟಾದರೆ, ಆಸ್ಪತ್ರೆಯ ಉಳಿದ ಕೋಣೆಗಳಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಸಿಸೇರಿಯನ್ ಹೆರಿಗೆ, ಮಂಡಿಕೀಲಿನ ಬದಲಾವಣೆ, ಹೃದಯದ ಕವಾಟದ ಶಸ್ತ್ರಚಿಕಿತ್ಸೆ, ಮೂತ್ರಪಿಂಡದ ಕಸಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿನ ಆರೈಕೆ, ಇವೆಲ್ಲ ಶಸ್ತ್ರವೈದ್ಯರ ಕೈಚಳಕದಿಂದ, ಯಂತ್ರಗಳಿಂದ ಆದವು ಎಂದು ನಾವು ತಿಳಿಯುತ್ತೇವೆ. ಅದು ನಿಜವೇ. ಆದರೆ ಇವೆಲ್ಲದರ ಕೆಳಗೆ ಆಂಟಿಬಯೋಟಿಕ್ ಇದೆ. ರಕ್ತದ ಕ್ಯಾನ್ಸರ್ ಆದ ಮಗುವನ್ನು ನೆನೆಯಿರಿ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕೀಮೋಥೆರಪಿ ರೋಗಾಣುಗಳೊಡನೆ ಹೋರಾಡುವ ಬಿಳಿರಕ್ತಕಣಗಳನ್ನೂ ಕೊಲ್ಲುತ್ತದೆ. ಅಂಥ ದಿನಗಳಲ್ಲಿ ಮಗುವಿಗೆ ಜ್ವರ ಕಾಣಿಸಿತೆಂದರೆ, ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು ಎಂಬುದು ಆ ವಾರ್ಡುಗಳ ನಿಯಮ. ಕೊಟ್ಟ ಮದ್ದು ನಾಟದಿದ್ದರೆ, ಕ್ಯಾನ್ಸರನ್ನು ಗೆಲ್ಲಬಹುದಾಗಿದ್ದ ಮಗು ಸಾಮಾನ್ಯ ನಂಜಿಗೆ ಹೋಗಿಬಿಡುತ್ತದೆ.

ಈಗ ಟೈಫಾಯ್ಡ್‌ಗೆ ಮರಳೋಣ. ಕ್ಲೋರಾಂಫೆನಿಕಾಲ್ ಕಾಲು ಶತಮಾನದ ತನಕ ದುಡಿಯಿತು. 1972ರಲ್ಲಿ ಒಂದಕ್ಕೊಂದು ದೂರದ ಎರಡು ಕಡೆಗಳಿಂದ ಕೆಟ್ಟ ಸುದ್ದಿ ಬಂತು. ಒಂದು ಮೆಕ್ಸಿಕೊ, ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಬ್ಬಿದ ಟೈಫಾಯ್ಡ್ ಈ ಮದ್ದಿಗೆ ಬಗ್ಗಲಿಲ್ಲ. ಇನ್ನೊಂದು ನಮ್ಮ ನೆರೆಯ ಕೇರಳದ ಕಲ್ಲಿಕೋಟೆ. ಅಲ್ಲಿನ ರೋಗಿಗಳ ರಕ್ತದಲ್ಲಿ ಸಿಕ್ಕ ರೋಗಾಣುಗಳನ್ನು ವೈದ್ಯ ವಿಜ್ಞಾನಿಗಳು ಪರೀಕ್ಷಿಸಿದಾಗ, ಮದ್ದನ್ನು ನಿಷ್ಕ್ರಿಯಗೊಳಿಸುವ ಶಕ್ತಿ ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲದು ಎಂಬುದೂ ಕಂಡಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೋಗಾಣುವಿನ ಮುಖ್ಯ ವರ್ಣತಂತುವಲ್ಲದೆ ಅದರೊಳಗೆ ಬೇರೆಯಾಗಿ ಪ್ಲಾಸ್ಮಿಡ್ ಎಂಬ ಸಣ್ಣ ಸುರುಳಿಗಳು ಇರಬಹುದು. ಮದ್ದನ್ನು ಕೆಡಿಸುವ ವಂಶವಾಹಿ ಅಂಥ ಸುರುಳಿಯ ಮೇಲಿದ್ದರೆ, ಒಂದು ರೋಗಾಣು ಪಕ್ಕದ ರೋಗಾಣುವಿಗೆ ಆ ಸುರುಳಿಯ ಪ್ರತಿಯನ್ನು ದಾಟಿಸಬಲ್ಲದು. ಎರಡೂ ಒಂದೇ ಜಾತಿಯವಾಗಿರಬೇಕೆಂದೂ ಇಲ್ಲ. ನಮ್ಮ ಕರುಳಿನಲ್ಲಿ ತಂಟೆಯಿಲ್ಲದೆ ಬಾಳುವ ಒಂದು ಸೂಕ್ಷ್ಮಜೀವಿ, ನಾವು ಎಂದೋ ಯಾವುದಕ್ಕೋ ನುಂಗಿದ ಮಾತ್ರೆಯನ್ನು ಎದುರಿಸಿ ಬದುಕಿ, ಆ ವಿದ್ಯೆಯನ್ನು ಹಾದುಹೋಗುವ ಟೈಫಾಯ್ಡ್ ರೋಗಾಣುವಿಗೆ ಒಪ್ಪಿಸಿಬಿಡಬಹುದು.

ಆಮೇಲಿನದು ಬೇಗ ಬೇಗ ನಡೆದುಹೋಯಿತು. ಕ್ಲೋರಾಂಫೆನಿಕಾಲ್ ಜೊತೆಗೆ ಆಂಪಿಸಿಲಿನ್ ಮತ್ತು ಕೋಟ್ರೈಮಾಕ್ಸಜೋಲ್ ಬಳಕೆಯಲ್ಲಿದ್ದವು. 1990ರ ಸುಮಾರಿಗೆ ಭಾರತದ ಊರೂರಲ್ಲಿ ಈ ಮೂರಕ್ಕೂ ಒಟ್ಟಿಗೇ ಬಗ್ಗದ ಟೈಫಾಯ್ಡ್ ಕಾಣಿಸಿತು. ಆ ಹೊತ್ತಿಗೆ ಸರಿಯಾಗಿ ಸಿಪ್ರೊಫ್ಲಾಕ್ಸಸಿನ್ ಬಂದಿತ್ತು. ದಿನಕ್ಕೆರಡು ಮಾತ್ರೆ, ಬೇಗ ಗುಣ, ಕೆಲವೇ ವರ್ಷಗಳಲ್ಲಿ ಬೆಲೆಯೂ ಇಳಿಯಿತು. ವೈದ್ಯರು ನಿಟ್ಟುಸಿರು ಬಿಟ್ಟರು. ಆದರೆ ಅದನ್ನು ಭೇದಿಗೆ ಕೊಟ್ಟರು, ಉರಿಮೂತ್ರಕ್ಕೆ ಕೊಟ್ಟರು, ಕಾರಣ ತಿಳಿಯದ ಜ್ವರಕ್ಕೆಲ್ಲ ಕೊಟ್ಟರು. ಹತ್ತು ವರ್ಷ ಕಳೆಯುವ ಮೊದಲೇ ಅದರ ಶಕ್ತಿ ಕುಂದಿತು. ಇಂದು ನಮ್ಮ ದೇಶದಲ್ಲಿ ಸಿಗುವ ಟೈಫಾಯ್ಡ್ ರೋಗಾಣುಗಳಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗುವುದಿಲ್ಲ. ಉಳಿದದ್ದು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು, ಅದರ ಬಳಗದ ಸೆಫಿಕ್ಸಿಮ್ ಮಾತ್ರೆ, ಮತ್ತು ಅಜಿತ್ರೊಮೈಸಿನ್.

2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಆದದ್ದನ್ನು ಕೇಳಿದರೆ ಮುಂದಿನ ಅಪಾಯ ತಿಳಿಯುತ್ತದೆ. ಅಲ್ಲಿ ಹುಟ್ಟಿದ ಟೈಫಾಯ್ಡ್ ಹಳೆಯ ಮೂರು ಮದ್ದು, ಸಿಪ್ರೊಫ್ಲಾಕ್ಸಸಿನ್, ಸೆಫ್ಟ್ರಿಯಾಕ್ಸೋನ್, ಐದಕ್ಕೂ ಬಗ್ಗಲಿಲ್ಲ. ಬಾಯಿಗೆ ಹಾಕುವ ಮಾತ್ರೆಗಳಲ್ಲಿ ಅಜಿತ್ರೊಮೈಸಿನ್ ಒಂದೇ ಉಳಿಯಿತು. ಅದೂ ಸೋತರೆ ದೊಡ್ಡ ಆಸ್ಪತ್ರೆಗೆ ಸೇರಿಸಿ ಕಾರ್ಬಾಪೆನೆಮ್ ಎಂಬ ದುಬಾರಿ ಚುಚ್ಚುಮದ್ದನ್ನು ದಿನಗಟ್ಟಲೆ ಕೊಡಬೇಕು. ಹಳ್ಳಿಯ ಕೂಲಿಕಾರರ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಒಟ್ಟಿಗೇ ಈ ಜ್ವರ ಬಂದರೆ ಅದು ಏನೆಂದು ಯೋಚಿಸಿ. ಅಜಿತ್ರೊಮೈಸಿನ್‌ಗೂ ಬಗ್ಗದ ಟೈಫಾಯ್ಡ್ ರೋಗಾಣುಗಳು ಬಾಂಗ್ಲಾದೇಶದಲ್ಲಿ, ಪಾಕಿಸ್ತಾನದಲ್ಲಿ, ಭಾರತದಲ್ಲಿ ಆಗಲೇ ಅಲ್ಲೊಂದು ಇಲ್ಲೊಂದು ಸಿಕ್ಕಿವೆ.

ಇದೇ ಅಜಿತ್ರೊಮೈಸಿನ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಹೇಗೆ ಮಾರಾಟವಾಗುತ್ತದೆ ನೋಡಿ. 'ಗಂಟಲು ಕೆರೀತಿದೆ, ಮೂರು ದಿನದ್ದು ಅಜಿತ್ರೊ ಕೊಡಿ' ಎಂದು ಕೇಳಿ ಒಯ್ಯುವವರು ಎಷ್ಟು ಜನ! ನೆಗಡಿ, ಕೆಮ್ಮು, ಗಂಟಲು ಕೆರೆತ ಬಹುತೇಕ ವೈರಸ್‌ನಿಂದ ಬರುವಂಥವು. ವೈರಸ್‌ನ ಮೇಲೆ ಯಾವ ಆಂಟಿಬಯೋಟಿಕ್ಕಿಗೂ ಹಿಡಿತವಿಲ್ಲ. ಮೂರು ಮಾತ್ರೆ ನುಂಗಿ ಮೂರು ದಿನಕ್ಕೆ ನೆಗಡಿ ಹೋಯಿತು ಎನ್ನುತ್ತೇವೆ. ಮಾತ್ರೆ ಇಲ್ಲದಿದ್ದರೂ ಅದು ಹೋಗುತ್ತಿತ್ತು. ಆದರೆ ಅಜಿತ್ರೊಮೈಸಿನ್ ಮೂರನೆಯ ದಿನಕ್ಕೆ ಮೈಬಿಟ್ಟು ಹೋಗುವುದಿಲ್ಲ. ಅದು ಅಂಗಾಂಶಗಳಲ್ಲಿ ಸೇರಿಕೊಂಡು, ದಿನಗಟ್ಟಲೆ ನಿಧಾನವಾಗಿ ಕಡಿಮೆಯಾಗುತ್ತ ಬರುತ್ತದೆ. ಕೊಲ್ಲಲು ಸಾಲದ, ಕಲಿಸಲು ಸಾಕಾಗುವ ಆ ಅಳತೆಯ ಮದ್ದಿನ ನಡುವೆ ನಮ್ಮ ಗಂಟಲಿನ, ಕರುಳಿನ ಕೋಟ್ಯಂತರ ಸೂಕ್ಷ್ಮಜೀವಿಗಳು ಬದುಕುತ್ತವೆ.

ಬೇರೆ ಮದ್ದಿಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ನಾನು ರಕ್ತದೊತ್ತಡದ ಮಾತ್ರೆಯನ್ನು ತಪ್ಪಾಗಿ ನುಂಗಿದರೆ ಕೆಡುವುದು ನನ್ನ ಮೈ. ಆಂಟಿಬಯೋಟಿಕ್ ಹಾಗಲ್ಲ. ನಾನು ಬೇಡದಿದ್ದಾಗ ನುಂಗಿದ ಮಾತ್ರೆಯಿಂದ ಪಕ್ಕದ ಬೀದಿಯ ಮಗುವಿಗೆ ಬೇಕಾದಾಗ ಮದ್ದು ನಾಟದೆ ಹೋಗಬಹುದು. ಇದು ಊರ ಕೆರೆಯ ನೀರಿದ್ದಂತೆ. ತೂಬು ಎತ್ತುವ ಕೆಲಸವನ್ನು ನೀರುಗಂಟಿಗೆ ಬಿಟ್ಟು, ಯಾವ ಗದ್ದೆಗೆ ಎಂದು, ಎಷ್ಟು ಹೊತ್ತು ನೀರು ಎಂಬುದನ್ನು ಅವನ ಮಾತಿನಂತೆ ನಡೆಸಿಕೊಂಡು ಬಂದ ಜನ ನಾವು. ಈ ಮದ್ದಿಗೆ ವೈದ್ಯರೇ ನೀರುಗಂಟಿ. ಆಂಟಿಬಯೋಟಿಕ್ ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ಕೊಡಬಾರದು, ಕೊಳ್ಳಬಾರದು ಎಂಬುದು ಆ ಗೆರೆಯ ಅರ್ಥ. ಮನೆಯಲ್ಲಿರುವ ಮಾತ್ರೆಗಳನ್ನು ಇವತ್ತು ರಾತ್ರಿಯೇ ತೆಗೆದು ನೋಡಿ.

ಎಲ್ಲ ಹೊಣೆಯನ್ನೂ ಕೊಳ್ಳುವವರ ಮೇಲೆ ಹೊರಿಸಿದರೆ ಅನ್ಯಾಯ. ವೈದ್ಯರ ಪಾಲು ಇದರಲ್ಲಿ ದೊಡ್ಡದು. ಟೈಫಾಯ್ಡ್ ವಿಷಯದಲ್ಲಿ ಎರಡು ಕಡೆ ತಪ್ಪುವುದನ್ನು ನಾನು ಹೆಚ್ಚಾಗಿ ಕಾಣುತ್ತೇನೆ. ಮೊದಲನೆಯದು ವೈಡಾಲ್ ಪರೀಕ್ಷೆ. 1896ರಲ್ಲಿ ಫ್ರಾನ್ಸಿನ ವೈದ್ಯ ವಿಡಾಲ್ ರೂಪಿಸಿದ ಈ ರಕ್ತಪರೀಕ್ಷೆ ಇಂದಿಗೂ ನಮ್ಮ ತಾಲ್ಲೂಕು ಊರುಗಳ ಲ್ಯಾಬುಗಳಲ್ಲಿ ನಡೆಯುತ್ತದೆ. ಅದು ರೋಗಾಣುವನ್ನು ಹುಡುಕುವುದಿಲ್ಲ; ರೋಗಾಣುವಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಎಂದೋ ಬಂದುಹೋದ ಜ್ವರದ ಪ್ರತಿಕಾಯ ಉಳಿದಿರಬಹುದು. ಮಲೇರಿಯಾ, ಡೆಂಗಿ ಆದಾಗಲೂ ಪರೀಕ್ಷೆ ಪಾಸಿಟಿವ್ ಬರಬಹುದು. ನಿಜವಾಗಿ ಟೈಫಾಯ್ಡ್ ಆದವರಲ್ಲಿ ಮೊದಲ ವಾರ ಏನೂ ತೋರದೆಯೂ ಇರಬಹುದು. ಹೀಗಿದ್ದೂ, 'ರಿಪೋರ್ಟಲ್ಲಿ ಟೈಫಾಯ್ಡ್ ಬಂದಿದೆ' ಎಂಬ ಒಂದು ಸಾಲಿನ ಮೇಲೆ ಎಷ್ಟೋ ಜನರಿಗೆ ಹತ್ತು ದಿನ ಚುಚ್ಚುಮದ್ದು ಬೀಳುತ್ತದೆ. ಸರಿಯಾದ ಪರೀಕ್ಷೆ ಬ್ಲಡ್ ಕಲ್ಚರ್. ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ, ಅದು ಯಾವ ಮದ್ದಿಗೆ ಬಗ್ಗುತ್ತದೆ ಎಂಬುದನ್ನೂ ಅದೇ ಹೇಳುತ್ತದೆ. ಎರಡು ಮೂರು ದಿನ ಬೇಕು, ಖರ್ಚೂ ಹೆಚ್ಚು, ನೂರು ಟೈಫಾಯ್ಡ್ ರೋಗಿಗಳಲ್ಲಿ ಅರವತ್ತರಷ್ಟು ಜನರಲ್ಲಿ ಮಾತ್ರ ರೋಗಾಣು ಬೆಳೆಯುತ್ತದೆ. ಆದರೂ ಅದೇ ಮೇಲು. ಅದಕ್ಕೆ ರಕ್ತ ತೆಗೆಯಬೇಕಾದದ್ದು ಮದ್ದಿನ ಮೊದಲ ಡೋಸಿಗೂ ಮುಂಚೆ. ಮಾತ್ರೆ ನುಂಗಿ ಬಂದರೆ ರೋಗಾಣು ಬೆಳೆಯುವುದು ಕಷ್ಟ.

ಎರಡನೆಯದು ನಮ್ಮ ಆತುರ. ಸರಿಯಾದ ಮದ್ದನ್ನೇ ಕೊಟ್ಟರೂ ಟೈಫಾಯ್ಡ್ ಜ್ವರ ಇಳಿಯಲು ನಾಲ್ಕೈದು ದಿನ ಬೇಕು. ಮೂರನೆಯ ದಿನಕ್ಕೂ ಮೈ ಸುಡುತ್ತಿದ್ದರೆ ತಾಯಿಯ ಜೀವ ನಿಲ್ಲುವುದಿಲ್ಲ, ಅದು ಸಹಜ. 'ಡಾಕ್ಟ್ರೇ, ಇನ್ನೂ ಪವರ್ ಇರೋದು ಕೊಡಿ' ಎನ್ನುತ್ತಾರೆ, ಇಲ್ಲವೇ ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ. ಎರಡನೆಯವರು ಮೊದಲಿನ ಮದ್ದು ನಿಲ್ಲಿಸಿ ಬೇರೆಯದನ್ನು ಶುರುಮಾಡುತ್ತಾರೆ. ಹೀಗೆ ಒಂದು ಜ್ವರಕ್ಕೆ ಮೂರು ಮದ್ದು ಅರ್ಧರ್ಧ ಬೀಳುತ್ತವೆ. ಐದನೆಯ ದಿನ ಜ್ವರ ಬಿಟ್ಟಾಗ, ಕೊನೆಗೆ ಕೊಟ್ಟವರಿಗೆ ಕೀರ್ತಿ. ಮಗುವಿನ ಸುಸ್ತು ಕಡಿಮೆಯಾಗುತ್ತಿದೆಯೇ, ಊಟ ಸೇರುತ್ತಿದೆಯೇ, ಹೊಟ್ಟೆ ಮೆತ್ತಗಿದೆಯೇ ಎಂದು ನೋಡುತ್ತ ಐದು ದಿನ ಕಾಯಲು ವೈದ್ಯರೇ ಮನೆಯವರಿಗೆ ಧೈರ್ಯ ಹೇಳಬೇಕು. ಹೊಟ್ಟೆನೋವು ಹೆಚ್ಚಾದರೆ, ಮಲದಲ್ಲಿ ರಕ್ತ ಕಂಡರೆ, ಮಂಪರು ಬಂದರೆ ಕಾಯುವ ಮಾತಿಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಒಂದು ಸಂತೋಷದ ಸಂಗತಿ. ಕ್ಲೋರಾಂಫೆನಿಕಾಲ್ ನಾಟದೆ ಹೋದ ಮೇಲೆ ವೈದ್ಯರು ಅದನ್ನು ಬರೆಯುವುದನ್ನೇ ಬಿಟ್ಟರು. ವರ್ಷಗಳು ಕಳೆದವು. 1990ರ ದಶಕದ ಕೊನೆಯಿಂದ ಭಾರತದ ಬೇರೆ ಬೇರೆ ಊರುಗಳ ಪ್ರಯೋಗಾಲಯಗಳು ಒಂದೊಂದಾಗಿ ಹೇಳತೊಡಗಿದವು: ಟೈಫಾಯ್ಡ್ ರೋಗಾಣುಗಳು ಮತ್ತೆ ಕ್ಲೋರಾಂಫೆನಿಕಾಲ್‌ಗೆ ಬಗ್ಗುತ್ತಿವೆ. ಪ್ಲಾಸ್ಮಿಡ್ ಹೊತ್ತುಕೊಂಡು ತಿರುಗುವುದು ರೋಗಾಣುವಿಗೂ ಹೊರೆ. ಎದುರಿಸಲು ಮದ್ದೇ ಇಲ್ಲದಾಗ ಆ ಹೊರೆಯಿಲ್ಲದ ರೋಗಾಣುಗಳು ಮುಂದೆ ಬರುತ್ತವೆ. ವೈದ್ಯರು ಕೈಬಿಟ್ಟ ಮದ್ದು, ವಿಶ್ರಾಂತಿ ಕೊಟ್ಟದ್ದರಿಂದಲೇ ಮರಳಿ ಬಲ ಪಡೆಯಿತು. ಎಲ್ಲ ಮದ್ದಿಗೂ ಈ ಭಾಗ್ಯವಿಲ್ಲ ಎಂಬುದನ್ನೂ ಹೇಳಲೇಬೇಕು. ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದಂತೆ ಮಾಡುವ ಬದಲಾವಣೆ ಹೆಚ್ಚಾಗಿ ಪ್ಲಾಸ್ಮಿಡ್‌ನಲ್ಲಿಲ್ಲ, ರೋಗಾಣುವಿನ ಮುಖ್ಯ ವರ್ಣತಂತುವಿನಲ್ಲೇ ಇದೆ, ಮತ್ತು ಅದರಿಂದ ರೋಗಾಣುವಿಗೆ ಹೊರೆಯೂ ಇಲ್ಲ. ಅದನ್ನು ನಾವು ಕಳೆದುಕೊಂಡದ್ದು ಬಹುಶಃ ಶಾಶ್ವತವಾಗಿ.

ಟೈಫಾಯ್ಡ್ ಬರದಂತೆ ಮಾಡಿದರೆ ಮದ್ದಿನ ಮಾತೇ ಇಲ್ಲ. ಇದು ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ಬರುವ ರೋಗ. ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಲ್ಲಿ ಊರಿನ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಲು ಶುರುಮಾಡಿದರು. ಬೇರೆ ಊರುಗಳೂ ಅದನ್ನು ಹಿಡಿದವು. ನೀರನ್ನು ಸೋಸಿ, ಕ್ಲೋರಿನ್ ಹಾಕಿ ಅಲ್ಲಿನ ನಗರಗಳು ಟೈಫಾಯ್ಡನ್ನು ಬಹುಮಟ್ಟಿಗೆ ತಗ್ಗಿಸಿದವು. ಆಗ ಆಂಟಿಬಯೋಟಿಕ್ ಇನ್ನೂ ಹುಟ್ಟಿರಲೇ ಇಲ್ಲ. ನಮ್ಮ ಊರುಗಳಲ್ಲಿ ಕುಡಿಯುವ ನೀರಿನ ಕೊಳವೆ ಚರಂಡಿಯೊಳಗಿಂದ ಹಾದುಹೋಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಒಂದು ಕೊಳವೆಯನ್ನು ಸರಿಪಡಿಸಿದರೆ ಎಷ್ಟು ಮನೆಗಳಲ್ಲಿ ಎಷ್ಟು ಮಾತ್ರೆ ಉಳಿಯುತ್ತದೆ!

ಲಸಿಕೆಯೂ ಈಗ ಹಿಂದಿಗಿಂತ ಮೇಲಾಗಿದೆ. ನಮ್ಮ ದೇಶದ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಹೊಸ ಬಗೆಯ ಟೈಫಾಯ್ಡ್ ಲಸಿಕೆಯನ್ನು ಆರು ತಿಂಗಳು ತುಂಬಿದ ಮಗುವಿಗೂ ಒಂದೇ ಬಾರಿಗೆ ಕೊಡಬಹುದು. ಹಳೆಯ ಲಸಿಕೆ ಎರಡು ವರ್ಷದೊಳಗಿನ ಮಕ್ಕಳಿಗೆ ಹಿಡಿಯುತ್ತಿರಲಿಲ್ಲ. ನೇಪಾಳದ ಲಲಿತ್‌ಪುರದಲ್ಲಿ ಸುಮಾರು 20,000 ಮಕ್ಕಳಲ್ಲಿ ಪರೀಕ್ಷಿಸಿದಾಗ, ಅದು ನೂರಕ್ಕೆ ಎಂಬತ್ತರಷ್ಟು ಟೈಫಾಯ್ಡನ್ನು ತಡೆಯಿತು. 2018ರಲ್ಲಿ ನವೀ ಮುಂಬಯಿಯ ಮಹಾನಗರಪಾಲಿಕೆ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಇದನ್ನು ಹಾಕಿಸಿತು. ಐದು ಮದ್ದುಗಳಿಗೆ ಬಗ್ಗದ ಜ್ವರದಿಂದ ನಲುಗಿದ ಪಾಕಿಸ್ತಾನ 2019ರಲ್ಲಿ ಸಿಂಧ್ ಪ್ರಾಂತ್ಯದಿಂದ ಆರಂಭಿಸಿ ಅದನ್ನು ಮಕ್ಕಳ ವಾಡಿಕೆಯ ಲಸಿಕೆಗಳ ಸಾಲಿಗೇ ಸೇರಿಸಿತು. ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ದೇಶ ಅದು. ನಿಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಮುಂದಿನ ಸಲ ಲಸಿಕೆಗೆ ಕರೆದುಕೊಂಡು ಹೋದಾಗ ಟೈಫಾಯ್ಡ್ ಲಸಿಕೆಯ ವಿಷಯವನ್ನೂ ವೈದ್ಯರಲ್ಲಿ ಕೇಳಿ.